ಗೇಮ್ ಬಗ್ಗೆ ಕಾದಂಬರಿ ಅಂದ್ರು, ಒಳಗೆ ಗೇಮೇ ಕಾಣ್ಲಿಲ್ಲ: ‘ಟುಮಾರೊ, ಆಂಡ್ ಟುಮಾರೊ, ಆಂಡ್ ಟುಮಾರೊ’ ಓದಿ ನಿರಾಸೆ ಆದವ್ರು ಇದ್ದೀರಾ?

ಪುಟದಂಚು
ಗೇಬ್ರಿಯೆಲ್ ಜೆವಿನ್ ಅವರ ಈ ಕಾದಂಬರಿ 2022ರಲ್ಲಿ ಬಂದಾಗಿಂದ ಎಲ್ಲಿ ನೋಡಿದ್ರೂ ಹೊಗಳಿಕೆ. ಆ ವರ್ಷ ಗುಡ್‌ರೀಡ್ಸ್ ಓದುಗರ ಮತದಲ್ಲೂ ಕಥಾಸಾಹಿತ್ಯ ವಿಭಾಗದಲ್ಲಿ ಇದೇ ಗೆದ್ದಿದ್ದು. ಓದದವರಿಗೆ ಚುಟುಕಾಗಿ: ಲಾಸ್ ಏಂಜಲೀಸ್‌ನ ಆಸ್ಪತ್ರೆಯೊಂದರಲ್ಲಿ ಸ್ಯಾಮ್, ಸೇಡಿ ಅನ್ನೋ ಇಬ್ಬರು ಮಕ್ಕಳು ಸೂಪರ್ ಮಾರಿಯೋ ಬ್ರದರ್ಸ್ ಆಡ್ತಾ ಗೆಳೆಯರಾಗ್ತಾರೆ. ಮುನಿಸಾಗಿ ಮಾತು ಬಿಡ್ತಾರೆ. 1995ರ ಡಿಸೆಂಬರಲ್ಲಿ ಕೇಂಬ್ರಿಜ್‌ನ ಮೆಟ್ರೋ ನಿಲ್ದಾಣದಲ್ಲಿ ಮತ್ತೆ ಎದುರಾಗ್ತಾರೆ. ಅವನು ಹಾರ್ವರ್ಡ್, ಅವಳು ಎಂಐಟಿ. ಇಬ್ರೂ ಸೇರಿ ‘ಇಚಿಗೊ’ ಅನ್ನೋ ಗೇಮ್ ಮಾಡ್ತಾರೆ, ಸ್ಯಾಮ್‌ನ ರೂಮ್‌ಮೇಟ್ ಮಾರ್ಕ್ಸ್ ಪ್ರೊಡ್ಯೂಸರ್ ಆಗ್ತಾನೆ, ಕಂಪನಿ ಬೆಳೆಯುತ್ತೆ, ಸ್ನೇಹ ಒಡೆಯುತ್ತೆ.

ನನ್ನ ತಕರಾರು ಕಥೆಯ ಬಗ್ಗೆ ಅಲ್ಲ. ಮೂವತ್ತು ವರ್ಷದ ಗೆಳೆತನ ನಿಂತಿರೋದು ಇವರಿಬ್ಬರ ಕೆಲಸದ ಮೇಲೆ. ಆ ಕೆಲಸವೇ ಪುಟದ ಮೇಲೆ ಇಲ್ಲ. ಇಚಿಗೊ ಅನ್ನೋ ಮಗು ಸುನಾಮಿಗೆ ಸಿಕ್ಕಿ ಮನೆ ದಾರಿ ಹುಡುಕುತ್ತೆ ಅಂತ ಗೊತ್ತಾಗುತ್ತೆ. ಯಾವ ಬಟನ್ ಒತ್ತಿದ್ರೆ ಅದು ಏನು ಮಾಡುತ್ತೆ, ಎಲ್ಲಿ ಆಟಗಾರ ಸೋಲ್ತಾನೆ, ಯಾಕೆ ಮತ್ತೆ ಆಡ್ತಾನೆ, ಇದು ಕಣ್ಣಿಗೆ ಕಟ್ಟೋದೇ ಇಲ್ಲ. ಸಂಗೀತಗಾರನ ಕಾದಂಬರಿ ಬರೆದು ರಾಗದ ಹೆಸರು ಮಾತ್ರ ಹೇಳಿ, ಅವನು ಎಲ್ಲಿ ಶ್ರುತಿ ತಪ್ಪಿದ ಅಂತ ಹೇಳದೇ ಬಿಟ್ಟ ಹಾಗೆ. ನಿಮಗೇನನ್ನಿಸ್ತು?

ಅಕ್ಷರಪ್ರಿಯೆ
ಒಪ್ಪಲ್ಲ. ಅದು ಗೆಳೆತನದ ಕಾದಂಬರಿ, ಗೇಮ್ ನೆಪ ಅಷ್ಟೆ. ಗಂಡು ಹೆಣ್ಣು ಮೂವತ್ತು ವರ್ಷ ಜೊತೆಗಿದ್ದೂ ಪ್ರೇಮಿಗಳಾಗದೇ ಇರೋ ಕಥೆಯನ್ನ 400 ಪುಟ ಹಿಡಿದು ನಿಲ್ಲಿಸೋದು ಸುಲಭದ ಮಾತಲ್ಲ.

ಹಳೇ ಜಾಯ್‌ಸ್ಟಿಕ್
ನೆಪ ಅನ್ನಬೇಡಿ ಮೇಡಂ. ನೆಪ ಆಗದೇ ಇದ್ದ ಕಡೆಯೇ ಪುಸ್ತಕ ಗೆದ್ದಿರೋದು. ಮೊದಲ ಭೇಟಿಯ ದೃಶ್ಯವನ್ನೇ ತಗೊಳ್ಳಿ. ಸೂಪರ್ ಮಾರಿಯೋದಲ್ಲಿ ಇಬ್ಬರು ಒಟ್ಟಿಗೆ ಆಡೋಕೆ ಆಗಲ್ಲ. ಸರದಿ ಮೇಲೆ ಆಟ. ಮಾರಿಯೋ ಸತ್ತ ಮೇಲೇ ಎರಡನೇ ಆಟಗಾರನ ಪಾತ್ರ ಲುಯಿಜಿಗೆ ಅವಕಾಶ. ಅಂದ್ರೆ ಪಕ್ಕದಲ್ಲಿ ಕೂತವರು ಕಾಯ್ತಿರೋದು ಗೆಳೆಯ ಸಾಯೋದನ್ನೇ. ಅಂಥಾ ನಿಯಮದ ಆಟದಲ್ಲಿ ಸ್ಯಾಮ್ ಸಾಯದೇ ಇರುವಾಗಲೇ ಕಂಟ್ರೋಲರ್ ಕೊಟ್ಟು, ಈ ಜೀವದಲ್ಲಿ ಉಳಿದಿದ್ದನ್ನ ನೀನಾಡು ಅಂತಾನೆ. ಆಟದ ನಿಯಮ ಗೊತ್ತಿದ್ದವರಿಗೆ ಆ ಒಂದು ಮಾತಿನ ತೂಕ ಬೇರೆ.

ಇನ್ನೊಂದು ವಿಷಯ. ಆ ಇಡೀ ಆಟ ಇದ್ದಿದ್ದು 40 ಕೆಬಿಯಲ್ಲಿ: 32 ಕೆಬಿ ಪ್ರೋಗ್ರಾಂ, 8 ಕೆಬಿ ಚಿತ್ರ. ಮಷೀನಿನ ರ್‍ಯಾಮ್ 2 ಕೆಬಿ. ಅಷ್ಟರಲ್ಲೇ 32 ಲೆವೆಲ್. ಜಿಗಿತದ ಎತ್ತರ ನೀವು ಬಟನ್ ಎಷ್ಟು ಹೊತ್ತು ಒತ್ತಿ ಹಿಡಿದ್ರಿ, ಎಷ್ಟು ಜೋರಾಗಿ ಓಡ್ತಿದ್ರಿ ಅನ್ನೋದರ ಮೇಲೆ ಬದಲಾಗುತ್ತೆ. ಲೆವೆಲ್ ಕೊನೆಯ ಬಾವುಟದ ಕಂಬದ ಬುಡ ಹಿಡಿದ್ರೆ 100 ಅಂಕ, ತುದಿ ಹಿಡಿದ್ರೆ 5000. ಇಂಥದ್ದೊಂದು ವಿವರ ಇಚಿಗೊಗೂ ಇರಬೇಕಿತ್ತು ಅನ್ನೋದು ಪುಟದಂಚು ಅವರ ಮಾತು. ನನಗೂ ಅದೇ ಅನ್ನಿಸ್ತು.

ಹುಬ್ಳಿ ಹವಾ
ಖರೆ ಮಾತ್ ಹೇಳಿದ್ರಿ ನೋಡ್ರಿ. ಸರದಿ ಆಟ ಅನ್ನೋದ ನಾನು ಲಕ್ಷ್ಯಾನ ಕೊಟ್ಟಿದ್ದಿಲ್ಲ.

ಕೋಡ್‌ಕಟ್ಟೆ
ತಾಂತ್ರಿಕವಾಗಿ ನನ್ನ ದೊಡ್ಡ ಬೇಸರ ಎಂಜಿನ್ ವಿಷಯ, ಅಂದ್ರೆ ಗೇಮಿನ ಚಿತ್ರ, ಚಲನೆಗಳನ್ನ ನಡೆಸೋ ಮೂಲ ಸಾಫ್ಟ್‌ವೇರ್. ಸೇಡಿಗೆ ಬಿರುಗಾಳಿ, ನೀರು, ಬೆಳಕು ಬೇಕಾದ ಹಾಗೆ ಬರಲ್ಲ. ಹಳೇ ಪ್ರೊಫೆಸರ್ ಡೋವ್ ಹತ್ತಿರ ‘ಯುಲಿಸೀಸ್’ ಎಂಜಿನ್ ಇದೆ. ಕೇಳು ಅಂತ ಸ್ಯಾಮ್ ಒತ್ತಾಯಿಸ್ತಾನೆ, ಡೋವ್ ಕೊಡ್ತಾನೆ, ಸಮಸ್ಯೆ ಬಗೆಹರಿಯುತ್ತೆ. ಎಂಜಿನ್ ಅಂದ್ರೆ ಬಾಡಿಗೆ ಸೈಕಲ್ ಅಲ್ಲ, ತಂದು ಹತ್ತಿ ಹೊರಡೋಕೆ. ಬೇರೆಯವರ ಎಂಜಿನ್ ತಗೊಂಡ್ರೆ ನಿಮ್ಮ ಲೆವೆಲ್ ಫೈಲ್‌ಗಳ ಸ್ವರೂಪ ಬದಲಾಗುತ್ತೆ, ಚಿತ್ರಗಳನ್ನ ಮತ್ತೆ ಎಕ್ಸ್‌ಪೋರ್ಟ್ ಮಾಡ್ಬೇಕು, ಡಿಕ್ಕಿ ಪತ್ತೆ ಮಾಡೋ ಲೆಕ್ಕ ಅವರ ಅಳತೆಗೆ ಹೊಂದಿಸ್ಬೇಕು, ಅವರ ಮೆಮೊರಿ ನಿರ್ವಹಣೆಗೆ ನಿಮ್ಮ ಕೋಡ್ ಬಗ್ಗಬೇಕು. ಅದುವರೆಗೆ ಬರೆದ ಅರ್ಧ ಕೆಲಸ ಕಸಕ್ಕೆ. ಆ ಕಸಕ್ಕೆ ಹೋದ ಅರ್ಧದ ನೋವು ಪುಸ್ತಕದಲ್ಲಿ ತೂಕವಾಗಿ ಬರಲೇ ಇಲ್ಲ.

ಇನ್ನೂ ಮುಖ್ಯವಾದದ್ದು: ಇಚಿಗೊದ ನೋಟಕ್ಕೆ ಸ್ಫೂರ್ತಿ ಜಪಾನಿ ಕಲಾವಿದ ಹೊಕುಸಾಯಿಯ ದೊಡ್ಡ ಅಲೆ. ಮರದ ಅಚ್ಚಿನ ಚಿತ್ರ. ಚಪ್ಪಟೆ ಬಣ್ಣ, ದಪ್ಪ ಗೆರೆ, ನೆರಳು ಬೆಳಕಿನ ಆಟ ಬಹಳ ಕಡಿಮೆ. ಆ ಶೈಲಿಗೆ ನೈಜ ನೀರಿನ ಎಂಜಿನ್ ಯಾಕೆ ಬೇಕು? 1996ರಲ್ಲಿ ಪ್ಯಾಲೆಟ್, ಅಂದ್ರೆ ಪರದೆಯ ಬಣ್ಣದ ಪಟ್ಟಿ, ತಿರುಗಿಸೋ ಉಪಾಯ ಹಳೇ ವಿದ್ಯೆ. 256 ಬಣ್ಣದ ಪಟ್ಟಿಯಲ್ಲಿ 16 ನೀಲಿಗಳನ್ನ ಅಲೆಗೆ ಮೀಸಲಿಡಿ. ನಾಲ್ಕೈದು ಫ್ರೇಮಿಗೊಮ್ಮೆ ಆ 16ನ್ನ ಒಂದು ಮನೆ ಮುಂದಕ್ಕೆ ಸರಿಸಿ. 320×200ರ ಪರದೆಯಲ್ಲಿ 64,000 ಪಿಕ್ಸೆಲ್ ಇವೆ, ಒಂದನ್ನೂ ಮುಟ್ಟಬೇಕಿಲ್ಲ. ಬಣ್ಣಕ್ಕೆ 3 ಬೈಟ್‌ನಂತೆ 48 ಬೈಟ್ ಬರೆದ್ರೆ ಇಡೀ ಸಮುದ್ರ ಹರಿಯುತ್ತೆ.

ಮಲೆನಾಡ್ ಮಳೆ
ಸರ್, ಪ್ಯಾಲೆಟ್ ತಿರುಗಿಸಿದ್ರೆ ನೀರು ಹರಿಯುತ್ತೆ ನಿಜ, ಆದ್ರೆ ಏಳಲ್ಲ. ತೊರೆ, ಜಲಪಾತ, ಮಳೆ ಹನಿ ಚೆನ್ನಾಗಿ ಬರುತ್ತೆ. ಸುನಾಮಿ ಅಂದ್ರೆ ಅಲೆಯ ಆಕಾರವೇ ಬದಲಾಗ್ಬೇಕು, ದೋಣಿ ಅದರ ಮೇಲೆ ಏರಿಳೀಬೇಕು. ಅದಕ್ಕೆ ಮೇಲ್ಮೈ ಎತ್ತರ ಲೆಕ್ಕ ಹಾಕ್ಲೇಬೇಕು. ಮೂರ್ನಾಲ್ಕು ಸೈನ್ ಅಲೆಗಳನ್ನ ಬೇರೆ ಬೇರೆ ಉದ್ದ, ವೇಗದಲ್ಲಿ ಕೂಡಿಸಿದ್ರೆ ಸುಮಾರಾಗಿ ಬರುತ್ತೆ. ಆದ್ರೆ ಬರೀ ಸೈನ್ ಕೂಡಿಸಿದ್ರೆ ಅಲೆಯ ತುದಿ ಗುಂಡಗೆ ಆಗುತ್ತೆ, ಹೊಕುಸಾಯಿಯ ಉಗುರಿನಂಥಾ ತುದಿ ಬರಲ್ಲ. ತುದಿ ಚೂಪಾಗೋಕೆ ಬಿಂದುಗಳನ್ನ ಅಡ್ಡಕ್ಕೂ ಸರಿಸ್ಬೇಕು, ಗರ್ಸ್ಟ್‌ನರ್ ಅಲೆ ಅಂತಾರಲ್ಲ, ಅದು. ಅಡ್ಡ ಸರಿಸೋದು ಅತಿಯಾದ್ರೆ ಮೇಲ್ಮೈ ತನ್ನನ್ನೇ ಚುಚ್ಚಿಕೊಂಡು ಗಂಟು ಬೀಳುತ್ತೆ. ಸೇಡಿ ಸಿಕ್ಕಿಬಿದ್ದಿದ್ದು ಇಲ್ಲೇ ಅಂತ ನಾನು ಊಹಿಸ್ಕೊಂಡೆ.

ಮತ್ತೆ ಕಾಲ ನೆನಪಿಡಿ. ನೀರಿನ ಹರಿವನ್ನ ಸಂಖ್ಯೆಗಳು ಅಂಕೆ ಮೀರದ ಹಾಗೆ ಲೆಕ್ಕ ಮಾಡೋ ಯೋಸ್ ಸ್ಟಾಮ್ ಅವರ ಪ್ರಬಂಧ ಬಂದಿದ್ದೇ 1999ರಲ್ಲಿ. 3ಡಿಎಫ್‌ಎಕ್ಸ್ ವೂಡೂ ಅನ್ನೋ 3ಡಿ ಗ್ರಾಫಿಕ್ಸ್ ಕಾರ್ಡ್ ಮಾರುಕಟ್ಟೆಗೆ ಬಂದಿದ್ದೇ 1996. ಆ ವರ್ಷ ಇಬ್ಬರು ವಿದ್ಯಾರ್ಥಿಗಳಿಗೆ ಬಿರುಗಾಳಿ ಕಷ್ಟ ಆಗಿದ್ದು ಸಹಜ.

ಕೋಡ್‌ಕಟ್ಟೆ
ಒಪ್ಪಿದೆ. ಅಲೆ ಏಳೋದಕ್ಕೆ ಪ್ಯಾಲೆಟ್ ಸಾಲದು. ಆದ್ರೆ ನೋಡಿ, ನೀವು ಈಗ ಒಂದು ಪ್ಯಾರಾದಲ್ಲಿ ಹೇಳಿದ್ದು, ಗುಂಡಗಿನ ತುದಿ, ಗಂಟು ಬೀಳೋ ಮೇಲ್ಮೈ, ಇದೇ ಅಧ್ಯಾಯದಲ್ಲಿ ಇದ್ದಿದ್ರೆ ಡೋವ್ ಹತ್ತಿರ ಅವಳು ಹೋಗೋದು ಎಷ್ಟು ಅನಿವಾರ್ಯ ಅನ್ನಿಸ್ತಿತ್ತು!

ಅಕ್ಷರಪ್ರಿಯೆ
ನೀವಿಬ್ರೂ ಮೂಲ ವಿಷಯ ಬಿಟ್ಟು ನೀರಲ್ಲಿ ಮುಳುಗಿದ್ದೀರಿ. ಡೋವ್ ಮದುವೆಯಾದ ಮೇಷ್ಟ್ರು, ವಿದ್ಯಾರ್ಥಿನಿ ಜೊತೆ ಸಂಬಂಧ ಇಟ್ಕೊಂಡವನು, ಅವಳಿಗೆ ಹಿಂಸೆ ಕೊಟ್ಟವನು. ಎಂಜಿನ್ ಕೇಳೋದು ಅಂದ್ರೆ ಮತ್ತೆ ಅವನ ಮನೆ ಬಾಗಿಲಿಗೆ ಹೋಗೋದು. ಸ್ಯಾಮ್‌ಗೆ ಇದು ಮೊದಲೇ ಗೊತ್ತಿತ್ತಾ, ಗೊತ್ತಿದ್ದೂ ಕಳಿಸಿದ್ನಾ ಅನ್ನೋ ಅನುಮಾನವೇ ಮುಂದೆ ಸ್ನೇಹವನ್ನ ಕೊರೆಯೋದು. ಎಂಜಿನ್ ತಾಂತ್ರಿಕ ವಸ್ತು ಅಲ್ಲ ಅಲ್ಲಿ, ಅದು ಋಣ. ಆ ಋಣವನ್ನ ಲೇಖಕಿ ಚೆನ್ನಾಗೇ ಕಟ್ಟಿದ್ದಾರೆ.

ಪುಟದಂಚು
ಋಣ ಅನ್ನೋದು ಸರಿಯಾದ ಮಾತು. ಆದ್ರೆ ಆ ಋಣದ ಬೆಲೆ ಗೊತ್ತಾಗ್ಬೇಕಾದ್ರೆ ಕೊಟ್ಟ ವಸ್ತುವಿನ ಬೆಲೆ ಗೊತ್ತಾಗ್ಬೇಕಲ್ವಾ ಮೇಡಂ? ಬೇರೆ ದಾರಿಗಳೆಲ್ಲ ಮುಚ್ಚಿಹೋದವು ಅಂತ ತೋರಿಸಿದ್ರೆ ಅವಳು ಹೋಗಿದ್ದು ದುರಂತ. ತೋರಿಸದಿದ್ರೆ ಅದು ಕಥೆ ಮುಂದೆ ಸಾಗೋಕೆ ಮಾಡ್ಕೊಂಡ ಅನುಕೂಲ.

ಅಕ್ಷರಪ್ರಿಯೆ
ಹ್ಞಾಂ, ಇದಕ್ಕೆ ತಕ್ಷಣ ಉತ್ತರ ಇಲ್ಲ ನನ್ನ ಹತ್ರ. ಆದ್ರೂ ಡೋವ್‌ನನ್ನ ಕೊನೆಕೊನೆಗೆ ಮೆತ್ತಗೆ ಮಾಡಿದ್ದು ನನಗೂ ಹಿಡಿಸಲಿಲ್ಲ.

ಕಡಲತಡಿ
ಮ್ಯಾಜಿಕ್ ಐ ಪೋಸ್ಟರ್, ಅಂದ್ರೆ ದಿಟ್ಟಿಸಿ ನೋಡಿದ್ರೆ ಒಳಗೆ ಅಡಗಿದ 3ಡಿ ಚಿತ್ರ ಕಾಣೋದು, ಅದರ ಬಗ್ಗೆ ಯಾರೂ ಹೇಳ್ಲಿಲ್ಲ ಮಾರಾಯ್ರೆ. ಆ ನಿಲ್ದಾಣದ ದೃಶ್ಯ ಶುರುವಾಗೋದೇ ಅದರ ಮುಂದೆ ಗುಂಪು ಕಟ್ಟಿ ನಿಂತ ಜನರಿಂದ. 1993ರ ಪುಸ್ತಕದ ನಂತರ ಅದು ಎಲ್ಲಾ ಕಡೆ ಹಬ್ಬಿತ್ತು. ಅದು ನೋಡೋದು ಹೇಗೆ ಅಂದ್ರೆ, ಒಂದೇ ಪಟ್ಟಿ ಅಡ್ಡಕ್ಕೆ ಮತ್ತೆ ಮತ್ತೆ ಬರುತ್ತೆ. ಎಡಗಣ್ಣು ಒಂದು ಪಟ್ಟಿ, ಬಲಗಣ್ಣು ಪಕ್ಕದ ಪಟ್ಟಿ ನೋಡಿದಾಗ ಮಿದುಳು ಎರಡನ್ನೂ ಒಂದೇ ಅಂತ ತಿಳಿದು ಕಾಗದದ ಹಿಂದೆ ಆಳ ಕಟ್ಟುತ್ತೆ. ಪಟ್ಟಿಗಳ ಅಂತರ ಎರಡು ಕಣ್ಣುಗಳ ಅಂತರಕ್ಕಿಂತ, ಅಂದ್ರೆ ಸುಮಾರು 6 ಸೆಂಟಿಮೀಟರಿಗಿಂತ, ಕಡಿಮೆ ಇರ್ಲೇಬೇಕು. ಪೋಸ್ಟರ್ ಗೋಡೆಯಷ್ಟು ದೊಡ್ಡದಾದ್ರೂ ಪಟ್ಟಿ ಹಿಗ್ಗಿಸೋ ಹಾಗಿಲ್ಲ. ಕಣ್ಣು ಹೊರಗಡೆಗೆ ತಿರುಗಲ್ಲ ಅಲ್ವಾ. ಮೂಗು ತಾಗುವಷ್ಟು ಹತ್ತಿರ ಹೋಗಿ ನಿಧಾನ ಹಿಂದೆ ಸರೀರಿ, ಸಿಗ್ತದೆ. ಮೆಳ್ಳೆಗಣ್ಣು ಮಾಡಿ ನೋಡಿದ್ರೆ ಉಬ್ಬಿದ್ದು ತಗ್ಗಾಗಿ, ತಗ್ಗು ಉಬ್ಬಾಗಿ ಕಾಣ್ತದೆ.

ಹುಬ್ಳಿ ಹವಾ
ಕೆಲವ್ರಿಗೆ ಎಷ್ಟ್ ನೋಡಿದ್ರೂ ಕಾಣಂಗಿಲ್ಲ. ಎರಡೂ ಕಣ್ಣು ಕೂಡಿ ಕೆಲ್ಸಾ ಮಾಡದಿದ್ರ ಅದು ಬರೂದಿಲ್ಲ. ಅವರದೇನೂ ತಪ್ಪಲ್ಲ ಮತ್ತ.

ಪಗಡೆ ಹಾಸು
ವಿಷಯಕ್ಕೆ ಬರ್ತೀನಿ. ಸೇಡಿ ಎಂಐಟಿಯಲ್ಲಿ ಮಾಡೋ ‘ಸೊಲ್ಯೂಷನ್’ ಅನ್ನೋ ಗೇಮ್ ನೆನಪಿದೆಯಾ? ಒಂದು ಕಾರ್ಖಾನೆ, ಬಿಡಿಭಾಗ ಜೋಡಿಸಿದಷ್ಟೂ ಅಂಕ. ಏನು ತಯಾರಾಗ್ತಿದೆ ಅಂತ ಪ್ರಶ್ನೆ ಕೇಳದೇ ಅಂಕ ಗಳಿಸುತ್ತಾ ಹೋದವನಿಗೆ ಕೊನೆಗೆ ಗೊತ್ತಾಗೋದು, ತಾನು ನಾಜಿಗಳಿಗೆ ಕೆಲಸ ಮಾಡ್ತಿದ್ದೆ ಅಂತ. ಇಡೀ ಪುಸ್ತಕದಲ್ಲಿ ನಿಯಮದ ಮೂಲಕ ಅರ್ಥ ಹುಟ್ಟೋ ಗೇಮ್ ಇದೊಂದೇ ಅಂತ ನನ್ನ ಎಣಿಕೆ. ಆದ್ರೆ ಗೇಮ್ ವಿನ್ಯಾಸಕಿ ಬ್ರೆಂಡಾ ರೊಮೆರೊ 2009ರಲ್ಲೇ ‘ಟ್ರೇನ್’ ಅನ್ನೋ ಬೋರ್ಡ್ ಆಟ ಮಾಡಿದ್ರು. ಹಳದಿ ಮರದ ಬೊಂಬೆಗಳನ್ನ ರೈಲು ಡಬ್ಬಿಗೆ ತುಂಬಿ ಕೊನೇ ನಿಲ್ದಾಣಕ್ಕೆ ಮುಟ್ಟಿಸ್ಬೇಕು. ನಿಲ್ದಾಣದ ಕಾರ್ಡ್ ತಿರುಗಿಸಿದಾಗ ಆಶ್ವಿಟ್ಸ್ ಅಂತಿರುತ್ತೆ. ಹಲಗೆಯ ಕೆಳಗೆ ಒಡೆದ ಕಿಟಕಿ ಗಾಜು. ಕಾದಂಬರಿಯಲ್ಲಿ ತಮ್ಮ ಕೆಲಸಕ್ಕೆ ಮನ್ನಣೆ ಸಿಕ್ಕಿಲ್ಲ ಅಂತ ರೊಮೆರೊ ಸಾರ್ವಜನಿಕವಾಗಿ ಆಕ್ಷೇಪ ಎತ್ತಿದ್ರು. ಹೆಣ್ಣುಮಗಳ ದುಡಿಮೆಯ ಶ್ರೇಯ ಗಂಡಸಿಗೆ ಹೋಗೋದನ್ನ ಅಷ್ಟು ನೋವಿನಿಂದ ಬರೆದ ಪುಸ್ತಕದಲ್ಲಿ ಇದು ನನಗೆ ತುಂಬಾ ಚುಚ್ಚಿತು.

ಕೋಡ್‌ಕಟ್ಟೆ
ಎರಡರ ನಡುವೆ ವ್ಯತ್ಯಾಸ ಇದೆ ಅಲ್ವಾ? ಒಂದು ಕಂಪ್ಯೂಟರ್, ಇನ್ನೊಂದು ಕೈಯಲ್ಲಿ ಹಿಡಿಯೋದು. ಕೊನೇ ತಿರುವು ಮಾತ್ರ ಒಂದೇ ಥರ.

ಪಗಡೆ ಹಾಸು
ವ್ಯತ್ಯಾಸ ಇದೆ, ಮತ್ತು ಅದು ‘ಟ್ರೇನ್’ ಪರವಾಗಿಯೇ ಇದೆ. ಬೊಂಬೆಗಳು ಡಬ್ಬಿಯ ಬಾಗಿಲಲ್ಲಿ ಸುಲಭವಾಗಿ ಹೋಗಲ್ಲ, ಬೆರಳಿಂದ ಒತ್ತಿ ತುರುಕಬೇಕು. ಆ ತುರುಕೋ ಕೈ ನಿಮ್ಮದೇ. ನಿಯಮವೇ ನೀತಿ ಹೇಳೋದು ನಮಗೇನು ಹೊಸದಲ್ಲ. ಪರಮಪದ ಸೋಪಾನ ಪಟದಲ್ಲಿ ಒಳ್ಳೇ ಗುಣದ ಮನೆಯಿಂದ ಏಣಿ, ಕೆಟ್ಟ ಗುಣದ ಮನೆಯಲ್ಲಿ ಹಾವಿನ ಬಾಯಿ. ಆದ್ರೆ ಅಲ್ಲಿ ದಾಳ ನಿರ್ಧಾರ ಮಾಡುತ್ತೆ, ಆಡುವವನಿಗೆ ಆಯ್ಕೆ ಇಲ್ಲ. ‘ಟ್ರೇನ್’ನಲ್ಲಿ ಆಯ್ಕೆ ಇದೆ: ನಿಲ್ಲಿಸಬಹುದು, ಬೊಂಬೆ ಇಳಿಸಬಹುದು. ಆಟಗಾರ ಅಪರಾಧಿ ಆಗೋದು ಆಯ್ಕೆ ಇದ್ದಾಗ ಮಾತ್ರ.

ಮಲೆನಾಡ್ ಮಳೆ
ಪರಮಪದದ ಉದಾಹರಣೆ ಬಹಳ ಸರಿಯಾಗಿದೆ. ಹೆಸರಿನ ವಿಷಯಕ್ಕೂ ಒಂದು ಮಾತು. ‘ನಾಳೆ, ನಾಳೆ, ನಾಳೆ’ ಅನ್ನೋದು ಮ್ಯಾಕ್‌ಬೆತ್ ಐದನೇ ಅಂಕದ ಹತಾಶೆಯ ಮಾತು, ಹೆಂಡತಿ ಸತ್ತ ಸುದ್ದಿ ಬಂದಾಗ ಆಡೋದು. ಮಾರ್ಕ್ಸ್ ಅದನ್ನ ತಿರುಗಿಸಿ, ಗೇಮ್‌ನಲ್ಲಿ ನಾಳೆ ಅಂದ್ರೆ ಮತ್ತೆ ಹುಟ್ಟೋ ಅವಕಾಶ ಅಂತಾನೆ. ನಮ್ಮ ಕಡೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದು ನೆನಪಾಗುತ್ತೆ. ದೆವ್ವ ದಿನಾ ಬಂದು ಓದಿ ದಿನಾ ವಾಪಸ್ ಹೋಗುತ್ತೆ. ಸಾವನ್ನ ಒಂದು ದಿನ ಮುಂದೆ ಹಾಕೋ ಉಪಾಯ ಅದು. ಮಾರ್ಕ್ಸ್‌ನ ಅರ್ಥಕ್ಕೆ ಮ್ಯಾಕ್‌ಬೆತ್‌ಗಿಂತ ನಮ್ಮ ಬಾಗಿಲೇ ಹತ್ತಿರ.

ಕಡಲತಡಿ
ಆಹಾ! ಇದು ಬರೆದಿಟ್ಟುಕೊಳ್ಳೋ ಮಾತು.

ಅಕ್ಷರಪ್ರಿಯೆ
ಮುಂದೆ ಕಥೆ ಬಿಚ್ಚಿಡ್ತೀನಿ, ಓದದವರು ಇದನ್ನ ದಾಟಿ ಹೋಗಿ. ಮಾರ್ಕ್ಸ್ ಸಾಯೋ ಅಧ್ಯಾಯ ನಿಮಗೆ ಯಾರಿಗೂ ಹಿಡಿಸಲಿಲ್ವಾ? ಅವನನ್ನ ‘ನೀನು’ ಅಂತ ಕರೆದು ಬರೆದದ್ದು. ಹೆಸರು ‘ಎನ್‌ಪಿಸಿ’, ಅಂದ್ರೆ ಆಟಗಾರನಲ್ಲದ ಪಾತ್ರ. ಚಿತ್ರವಿಲ್ಲದೆ ಬರೀ ಬರಹದಲ್ಲೇ ನಡೆಯೋ ಹಳೇ ಸಾಹಸದ ಗೇಮ್‌ಗಳೆಲ್ಲ ಆಟಗಾರನನ್ನ ‘ನೀನು’ ಅಂತಲೇ ಕರೀತಿದ್ವು: ನೀನು ಬಾಗಿಲ ಮುಂದೆ ನಿಂತಿದ್ದೀಯ. ಜೀವನ ಪೂರ್ತಿ ಇನ್ನೊಬ್ಬರ ಆಟದಲ್ಲಿ ಬದಿಯ ಪಾತ್ರ ಆಗಿದ್ದವನು ಸಾಯುವಾಗ ಆಟಗಾರನ ಸರ್ವನಾಮ ಪಡೀತಾನೆ. ಗೇಮ್ ಗೊತ್ತಿಲ್ಲದವರು ಬರೆಯೋ ಅಧ್ಯಾಯವಾ ಇದು?

ಹಳೇ ಜಾಯ್‌ಸ್ಟಿಕ್
ಅಲ್ಲ. ಅದು ಪುಸ್ತಕದ ಅತ್ಯುತ್ತಮ ಭಾಗ, ಎರಡು ಮಾತಿಲ್ಲ.

ಪುಟದಂಚು
ಸರ್ವನಾಮದ ವಿಷಯ ನನಗೆ ಹೊಳೆದಿರಲಿಲ್ಲ. ಆ ಅಧ್ಯಾಯಕ್ಕೆ ನನ್ನ ತಕರಾರು ವಾಪಸ್.

ಹುಬ್ಳಿ ಹವಾ
ನಂದೊಂದ್ ಪ್ರಶ್ನೆ ಅದ. ‘ಮೇಪಲ್‌ವರ್ಲ್ಡ್’ ಅನ್ನೂ ಆನ್‌ಲೈನ್ ಆಟದಾಗ ಸ್ಯಾಮ್ ಮೇಯರ್ ಆಗಿ ಸಲಿಂಗಿಗಳ ಮದುವಿ ಮಾಡಸ್ತಾನ, ಅದಕ್ಕ ಸಿಟ್ಟಾಗಿ ಬಂದೂಕದವ್ರು ಆಫೀಸಿಗೆ ನುಗ್ತಾರ. ಅಷ್ಟ್ ದೊಡ್ಡ ಆನ್‌ಲೈನ್ ಊರು ಸಣ್ಣ ಕಂಪನಿ ನಡಸೂದು ಆಗ ಸಾಧ್ಯ ಇತ್ತೇನ್ರಿ?

ಕೋಡ್‌ಕಟ್ಟೆ
ಸಾಧ್ಯ ಇತ್ತು, ಆದ್ರೆ ಪುಸ್ತಕದಷ್ಟು ಸಲೀಸಲ್ಲ. ಅಲ್ಟಿಮಾ ಆನ್‌ಲೈನ್ ಬಂದಿದ್ದು 1997, ಎವರ್‌ಕ್ವೆಸ್ಟ್ 1999. ಸಾವಿರಾರು ಜನ ಒಟ್ಟಿಗೆ ಆಡೋ ಇಂಥಾ ಆಟಗಳಲ್ಲಿ ಗೋಳು ಹೊಯ್ಕೊಳ್ಳೋದು ಸರ್ವರ್, ಅಂದ್ರೆ ಆಟ ನಡೆಸೋ ಕಂಪನಿಯ ಮಷೀನು. ಊರನ್ನ ತುಂಡು ಮಾಡಿ ಒಂದೊಂದು ತುಂಡು ಒಂದೊಂದು ಮಷೀನಿಗೆ ಹಾಕ್ತಾರೆ. ಆಟಗಾರ ಗಡಿ ದಾಟುವಾಗ ಅವನ ಚೀಲದ ಸಾಮಾನು ಹೊಸ ಮಷೀನಿನಲ್ಲಿ ದಾಖಲಾಯ್ತು, ಹಳೇದರಲ್ಲಿ ಅಳಿಸೋ ಮೊದಲೇ ಅದು ಬಿದ್ದುಹೋಯ್ತು ಅಂದ್ಕೊಳ್ಳಿ. ಈಗ ಕತ್ತಿ ಎರಡು. ಇದು ಗೊತ್ತಾದ ತಕ್ಷಣ ಜನ ಬೇಕಂತಲೇ ಸರ್ವರ್ ಬೀಳಿಸಿ ಚಿನ್ನ ದುಪ್ಪಟ್ಟು ಮಾಡ್ಕೊಳ್ತಾರೆ, ಒಂದೇ ವಾರದಲ್ಲಿ ಊರಿನ ನಾಣ್ಯಕ್ಕೆ ಬೆಲೆ ಇರಲ್ಲ. ಪರಿಹಾರ: ಅಳಿಸೋದು, ಬರೆಯೋದು ಎರಡೂ ಒಂದೇ ವ್ಯವಹಾರವಾಗಿ ಡೇಟಾಬೇಸ್‌ನಲ್ಲಿ ಮುಗೀಬೇಕು, ಇಲ್ಲಾಂದ್ರೆ ಎರಡೂ ರದ್ದಾಗ್ಬೇಕು. ಮೇಯರ್ ಸ್ಯಾಮ್‌ಗೆ ಮದುವೆ ಮಾಡ್ಸೋಕೆ ಪುರುಸೊತ್ತು ಸಿಗೋದೇ ಕಷ್ಟ.

ಪಗಡೆ ಹಾಸು
ಆಮೇಲೆ ‘ಪಯೋನಿಯರ್ಸ್’. ಮಾರ್ಕ್ಸ್ ಸತ್ತ ಮೇಲೆ ಸೇಡಿಯ ದುಃಖ ಕಡಿಮೆ ಮಾಡೋಕೆ ಸ್ಯಾಮ್ ಒಂದು ಆನ್‌ಲೈನ್ ಜಗತ್ತನ್ನೇ ಕಟ್ಟಿ, ಹೆಸರು ಮರೆಸಿಕೊಂಡು ಬೇರೆ ಪಾತ್ರವಾಗಿ ಅವಳ ಜೊತೆ ಆಡೋಕೆ ಬರ್ತಾನೆ. ಸುಂದರ ಅನ್ನೋವ್ರು ಬಹಳ. ಒಪ್ಪಿಗೆ ಇಲ್ಲದ ಆಟ ಅದು ಅನ್ನೋದು ನನ್ನ ಅಭಿಪ್ರಾಯ. ಎದುರಿಗಿರೋರು ಯಾರು ಅನ್ನೋದೇ ಗೊತ್ತಿಲ್ಲದೆ ಮನಸ್ಸು ಬಿಚ್ಚಿದ್ದಾಳೆ ಅವಳು. ಸೇಡಿ ಸಿಟ್ಟಾದದ್ದು ನ್ಯಾಯ.

ಅಕ್ಷರಪ್ರಿಯೆ
ಸಿಟ್ಟು ನ್ಯಾಯ. ಅವನ ಪ್ರೀತಿಯೂ ನಿಜ. ಎರಡೂ ಒಟ್ಟಿಗೆ ಇರೋದೇ ಆ ಭಾಗದ ಶಕ್ತಿ.

ಹಳೇ ಜಾಯ್‌ಸ್ಟಿಕ್
ಇಚಿಗೊ ಬಂದ 1997ರ ಸುಮಾರಿಗೇ ಬೆಂಗಳೂರಲ್ಲಿ ಧ್ರುವ ಇಂಟರಾಕ್ಟಿವ್ ಶುರುವಾಯ್ತು, ಭಾರತದ ಮೊದಲ ಗೇಮ್ ಕಂಪನಿಗಳಲ್ಲಿ ಒಂದು. 2019ರಲ್ಲಿ ಅಮೆರಿಕದ ಗೇಮ್ ಕಂಪನಿ ರಾಕ್‌ಸ್ಟಾರ್ ಅದನ್ನ ಕೊಂಡುಕೊಂಡಿತು. ಆ ಕಾಲದ ಕೆಲಸದ ಬಗ್ಗೆ ಕನ್ನಡದಲ್ಲಿ ಯಾರಾದ್ರೂ ಕಾದಂಬರಿ ಬರೀಲಿ ಅಂತ ಆಸೆ. ಆಗ ಇಂಟರ್‌ನೆಟ್‌ನಲ್ಲಿ ತೇಪೆ ಹಾಕೋ ಕಾಲ ಅಲ್ಲ. ಮಾಸ್ಟರ್ ಸಿಡಿ ಅಚ್ಚಿಗೆ ಹೋಯ್ತು ಅಂದ್ರೆ ಮುಗೀತು. ಅದಕ್ಕೇ ಕೊನೇ ವಾರಗಳಲ್ಲಿ ಹೊಸದೇನೂ ಸೇರಿಸಬಾರದು, ಬಗ್ ಪಟ್ಟಿಯಲ್ಲಿ ಆಟ ನಿಂತುಹೋಗೋವು ಮೊದಲು, ಸೇವ್ ಫೈಲ್ ಹಾಳು ಮಾಡೋವು ಅದರ ಜೊತೆಗೇ, ಬಣ್ಣ ತಪ್ಪಿದ್ದೆಲ್ಲ ಕೊನೆಗೆ. ಒಂದು ಬಗ್ ಸರಿ ಮಾಡಿದ್ರೆ ಇಡೀ ಆಟ ಮತ್ತೆ ಮೊದಲಿಂದ ಆಡಿ ನೋಡ್ಬೇಕು. ಸ್ನೇಹ ಒಡೆಯೋದು ಆ ವಾರಗಳಲ್ಲೇ. ಕಾದಂಬರಿಕಾರರಿಗೆ ಅದಕ್ಕಿಂತ ಒಳ್ಳೇ ಜಾಗ ಎಲ್ಲಿ ಸಿಗುತ್ತೆ?

ಮಲೆನಾಡ್ ಮಳೆ
ಒಂದು ಸಣ್ಣ ಲೆಕ್ಕ ಹಾಕ್ತಿದ್ದೆ. ಇಚಿಗೊದ ಅಂಗಿ ಮೇಲೆ 15 ಅಂತಿದೆ, ಜಪಾನಿಯಲ್ಲಿ ಇಚಿ ಅಂದ್ರೆ ಒಂದು, ಗೊ ಅಂದ್ರೆ ಐದು. ಆ ಮಗುವನ್ನ ಸ್ಪ್ರೈಟ್ ಆಗಿ, ಅಂದ್ರೆ ಬಿಡಿಬಿಡಿ ಪುಟ್ಟ ಚಿತ್ರಗಳಾಗಿ, ಮಾಡಿದ್ರು ಅಂದ್ಕೊಳ್ಳಿ. 8 ದಿಕ್ಕು, 6 ಚಲನೆ, ಒಂದೊಂದಕ್ಕೆ 8 ಫ್ರೇಮ್: 384 ಚಿತ್ರ. 64×64 ಅಳತೆಯಲ್ಲಿ ಒಂದಕ್ಕೆ 4 ಕೆಬಿ, ಒಟ್ಟು 1.5 ಎಂಬಿ. ಆಗಿನ ಮನೆ ಕಂಪ್ಯೂಟರ್‌ನಲ್ಲಿ 8 ಎಂಬಿ ರ್‍ಯಾಮ್ ಇರೋದು ಸಾಮಾನ್ಯ. ಮಾಮೂಲಿ ಉಪಾಯ ಅಂದ್ರೆ 5 ದಿಕ್ಕು ಬರೆದು ಉಳಿದ 3ಕ್ಕೆ ಕನ್ನಡಿ ಹಿಡಿಯೋದು. ಆಗ 240 ಚಿತ್ರ, 960 ಕೆಬಿ. ಆದ್ರೆ ಕನ್ನಡಿ ಹಿಡಿದ ತಕ್ಷಣ ಅಂಗಿಯ 15 ತಿರುಗುಮುರುಗು ಆಗುತ್ತೆ! ಅಂಗಿಯ ನಂಬರಿಗೋಸ್ಕರ 144 ಚಿತ್ರ ಜಾಸ್ತಿ ಬರೀಬೇಕಾ, ನಂಬರ್ ಬಿಡಬೇಕಾ ಅಂತ ಸೇಡಿ, ಸ್ಯಾಮ್ ರಾತ್ರಿಯಿಡೀ ಜಗಳ ಆಡೋ ದೃಶ್ಯ ಇರಬೇಕಿತ್ತು.

ಪುಟದಂಚು
ಇದೇ! ನಾನು ಹುಡುಕ್ತಿದ್ದಿದ್ದು ಇದೇ. ಆ ಹೆಸರು ಹುಟ್ಟಿದ್ದೇ ನಂಬರಿಂದ, ಸ್ಯಾಮ್ ಬಿಡಲ್ಲ. ಚಿತ್ರ ಬರೆಯೋ ಕೈಯೂ ಅವನದೇ.

ಕೋಡ್‌ಕಟ್ಟೆ
ಎರಡೂ ಬೇಡ. ಅಂಗಿಯನ್ನ ಖಾಲಿ ಬರೀರಿ. 15ನ್ನ ಪುಟ್ಟ ತುಂಡಾಗಿ ಬೇರೆ ಇಟ್ಟು, ಕನ್ನಡಿ ಹಿಡಿದ ಮೇಲೆ ಅದರ ಮೇಲೆ ಅಂಟಿಸಿ. ಎಲ್ಲಿ ಅಂಟಿಸ್ಬೇಕು ಅಂತ ಫ್ರೇಮಿಗೆ ಒಂದು ಅಡ್ಡ, ಒಂದು ಉದ್ದ, ಎರಡೇ ಬೈಟ್. 384 ಫ್ರೇಮಿಗೂ ಸೇರಿ 768 ಬೈಟ್.

ಹುಬ್ಳಿ ಹವಾ
ಓಡೂ ಮುಂದ ಕೈ ಎದಿಗೆ ಅಡ್ಡ ಬರ್ತದಲ್ರೀ? ನಂಬರ್ ಕೈ ಮ್ಯಾಲೆ ಕುಂದರ್ತದ.

ಕೋಡ್‌ಕಟ್ಟೆ
ಆ ಫ್ರೇಮಿಗೆ ಅಡ್ಡದ ಜಾಗದಲ್ಲಿ 255 ಅಂತ ಬರೀರಿ. ಚಿತ್ರದ ಅಗಲ 64 ಇರೋದ್ರಿಂದ ಆ ಸಂಖ್ಯೆ ಬೇರೆ ಹೇಗೂ ಬರಲ್ಲ. 255 ಸಿಕ್ಕಿದ್ರೆ ಅಂಟಿಸಬೇಡ ಅಂತ ಕೋಡ್‌ನಲ್ಲಿ ಒಂದು ಸಾಲು ಸಾಕು.